ಉದುರಿದೆಲೆ, ಹಿತ್ತಲ ಕೋಳಿ ಮತ್ತು ನಮ್ಮ ಮಣ್ಣು

ಊರಿನಲ್ಲಿ ಯುಗಾದಿ ಎಂದರೆ ಚಿಗುರು. ಮಾವು, ಬೇವು, ಹೊಂಗೆ ಎಲ್ಲವೂ ತಳಿರೊಡೆದು ನಿಲ್ಲುವ ಕಾಲ. ಇಲ್ಲಿ, ಭೂಗೋಳದ ಕೆಳಗಿನ ಅರ್ಧದಲ್ಲಿ, ಬೇವು-ಬೆಲ್ಲ ತಿಂದು ಹೊರಗೆ ಬಂದರೆ ಕಾರಿನ ಮೇಲೆ ಒಣ ಎಲೆ ಬಿದ್ದಿರುತ್ತದೆ! ಮಾರ್ಚ್, ಏಪ್ರಿಲ್, ಮೇ ತಿಂಗಳುಗಳು ಆಸ್ಟ್ರೇಲಿಯಾದವರಿಗೆ ‘ಆಟಮ್’. ನಮ್ಮ ಪಂಚಾಂಗ ವಸಂತ ಎನ್ನುತ್ತದೆ, ಹಿತ್ತಲು ಶಿಶಿರ ಎನ್ನುತ್ತದೆ. ಎರಡಕ್ಕೂ ತಲೆದೂಗುತ್ತಾ ಬದುಕುವುದು ನಮ್ಮಂಥ ಹೊರನಾಡ ಕನ್ನಡಿಗರಿಗೆ ಅಭ್ಯಾಸವಾಗಿಬಿಟ್ಟಿದೆ, ಅಲ್ಲವೇ?

ಸಿಡ್ನಿಯವರು ಬ್ಲೂ ಮೌಂಟನ್ಸ್‌ನ ಮೌಂಟ್ ವಿಲ್ಸನ್‌ಗೆ, ಮೆಲ್ಬೋರ್ನ್‌ನವರು ಡ್ಯಾಂಡಿನಾಂಗ್ ಬೆಟ್ಟಗಳಿಗೆ ಹೋಗಿ ಕೆಂಪು-ಹಳದಿ ಎಲೆಗಳ ಮುಂದೆ ಫೋಟೋ ತೆಗೆಸಿಕೊಂಡು ಬರುತ್ತೇವೆ. ಮನೆಗೆ ಬಂದ ಮೇಲೆ ಅದೇ ಎಲೆ ‘ಕಸ’ವಾಗುತ್ತದೆ. ಗುಡಿಸಿ, ಹಸಿರು ಮುಚ್ಚಳದ ಬಿನ್‌ಗೆ ತುರುಕಿ, ರಸ್ತೆಬದಿಗೆ ತಳ್ಳುತ್ತೇವೆ. ಮುಂದಿನ ವಾರ ಬನ್ನಿಂಗ್ಸ್‌ಗೆ ಹೋಗಿ ಅಂಥದೇ ಎಲೆ ಕೊಳೆತು ಆದ ಗೊಬ್ಬರವನ್ನು ಚೀಲದ ಲೆಕ್ಕದಲ್ಲಿ ಕೊಂಡು ತರುತ್ತೇವೆ. ಸಾಫ್ಟ್‌ವೇರ್ ಕೆಲಸದವನಾದ ನನಗೆ ಇದು ಇದ್ದ ಕೋಡನ್ನು ಅಳಿಸಿ ಅದನ್ನೇ ಹೊರಗಿನಿಂದ ಕೊಂಡುಕೊಂಡ ಹಾಗೆ ಕಾಣುತ್ತದೆ.

ಈಗ ಪಶ್ಚಿಮ ಸಿಡ್ನಿಯಲ್ಲೂ ಮೆಲ್ಬೋರ್ನ್‌ನ ಹೊರವಲಯಗಳಲ್ಲೂ ಸ್ವಂತ ಮನೆ ಕೊಂಡ ನಮ್ಮವರಲ್ಲಿ ಹಲವರು ಹಿತ್ತಲಲ್ಲಿ ಎರಡು-ಮೂರು ಕೋಳಿ ಸಾಕಲು ತೊಡಗಿದ್ದಾರೆ. ಮೊಟ್ಟೆ ತಿನ್ನುವವರು ಮೊಟ್ಟೆಗಾಗಿ, ತಿನ್ನದವರು ಮಕ್ಕಳ ಸಂತೋಷಕ್ಕಾಗಿ. ಎಲೆ ಮತ್ತು ಕೋಳಿ ಒಂದಕ್ಕೊಂದು ಬಹಳ ಚೆನ್ನಾಗಿ ಹೊಂದುತ್ತವೆ. ಆದರೆ ಇವೆರಡರ ನಡುವೆ ಮೂರನೆಯದೊಂದಿದೆ, ಮಣ್ಣು. ಅದನ್ನು ಮರೆತರೆ ಕಷ್ಟ. ಅದಕ್ಕೇ ಈ ಲೇಖನ.

ಹ್ಯಾರಿಸ್ ಪಾರ್ಕಿನ ಹಳೆಯ ರೈತ

ಹ್ಯಾರಿಸ್ ಪಾರ್ಕ್ ಎಂದ ಕೂಡಲೇ ನಮಗೆ ನೆನಪಾಗುವುದು ವಿಗ್ರಾಮ್ ಸ್ಟ್ರೀಟ್, ಮಸಾಲೆ ದೋಸೆ, ಚಾಟ್, ದೀಪಾವಳಿಯ ನೂಕುನುಗ್ಗಲು. ಅಲ್ಲಿಂದ ಸ್ವಲ್ಪ ನಡೆದರೆ ರೂಸ್ ಸ್ಟ್ರೀಟ್ ಸಿಗುತ್ತದೆ. ಅಲ್ಲಿ 1830ರ ದಶಕದ ಒಂದು ಹಳೆಯ ಬಂಗಲೆ ಇದೆ, ಎಕ್ಸ್‌ಪೆರಿಮೆಂಟ್ ಫಾರ್ಮ್ ಕಾಟೇಜ್. ಅದು ಈಗ ನ್ಯಾಷನಲ್ ಟ್ರಸ್ಟ್‌ನ ಒಡೆತನದಲ್ಲಿದೆ. ಹೆಸರಿನಲ್ಲಿರುವ ‘ಪ್ರಯೋಗ’ ಯಾವುದೆಂದು ನಮ್ಮಲ್ಲಿ ಬಹಳ ಜನ ವಿಚಾರಿಸಿರಲಾರರು.

ಕಥೆ ಹೀಗಿದೆ. ಇದು ಮೂಲತಃ ಬುರ್ರಮಟ್ಟಗಲ್ ಜನರ ನೆಲ. ಪ್ಯಾರಮಟ್ಟ ಎಂಬ ಹೆಸರು ಬಂದಿರುವುದೇ ಅವರಿಂದ. 1788ರಲ್ಲಿ ಮೊದಲ ನೌಕಾತಂಡದಲ್ಲಿ ಬಂದ ಬ್ರಿಟಿಷರಿಗೆ ಇಲ್ಲಿ ಹೊಟ್ಟೆ ತುಂಬಿಸಿಕೊಳ್ಳುವುದೇ ದೊಡ್ಡ ಸಮಸ್ಯೆಯಾಯಿತು. ತಂದ ಧಾನ್ಯ ಮುಗಿಯುತ್ತಿತ್ತು, ಬಿತ್ತಿದ್ದು ಸರಿಯಾಗಿ ಬೆಳೆಯುತ್ತಿರಲಿಲ್ಲ. ಆಗ ಗವರ್ನರ್ ಫಿಲಿಪ್ 1789ರ ನವೆಂಬರ್‌ನಲ್ಲಿ ಜೇಮ್ಸ್ ರೂಸ್ ಎಂಬ, ಕಾರ್ನ್‌ವಾಲ್ ಕಡೆಯ ಕೈದಿಗೆ ಸ್ವಲ್ಪ ನೆಲ ಕೊಟ್ಟು ಒಂದು ಪರೀಕ್ಷೆ ಇಟ್ಟ. ಒಬ್ಬ ಮನುಷ್ಯ ಎಷ್ಟು ಕಾಲದಲ್ಲಿ ತನ್ನ ಅನ್ನ ತಾನೇ ಬೆಳೆದುಕೊಳ್ಳಬಲ್ಲ ಎಂಬುದೇ ಆ ಪರೀಕ್ಷೆ. 1791ರ ಫೆಬ್ರವರಿ ಹೊತ್ತಿಗೆ ರೂಸ್ ತನಗೆ ಇನ್ನು ಸರಕಾರದ ರೇಷನ್ ಬೇಡ ಎಂದ. 1792ರಲ್ಲಿ 30 ಎಕರೆಯ ಹಕ್ಕುಪತ್ರ ಸಿಕ್ಕಿತು. ಈ ಕಾಲೊನಿಯಲ್ಲಿ ಕೊಟ್ಟ ಮೊದಲ ಭೂಮಂಜೂರಾತಿ ಅದೇ.

ನನಗೆ ಸ್ವಾರಸ್ಯ ಎನಿಸಿದ್ದು ಅವನ ವಿಧಾನ. 1790ರ ನವೆಂಬರ್‌ನಲ್ಲಿ ವಾಟ್ಕಿನ್ ಟೆಂಚ್ ಎಂಬ ಸೇನಾಧಿಕಾರಿ ಅವನ ಹೊಲ ನೋಡಲು ಹೋಗಿ, ಅವನ ಮಾತನ್ನು ಬರೆದುಕೊಂಡ. 1793ರಲ್ಲಿ ಅದು ಪುಸ್ತಕವಾಗಿ ಬಂತು. ಕಡಿದ ಮರ ಸುಟ್ಟ ಬೂದಿಯನ್ನು ರೂಸ್ ಮಣ್ಣಿಗೆ ಸೇರಿಸುತ್ತಿದ್ದ. ಹುಲ್ಲು-ಕಳೆಯನ್ನು ಎಸೆಯದೆ ಅಗೆದು ಮುಚ್ಚುತ್ತಿದ್ದ. ಕೊಯ್ಲಾದ ಮೇಲೆ ಹುಲ್ಲನ್ನು ಗುಂಡಿಯಲ್ಲಿ ಹೂತು, ಕೊಳೆಯಬಲ್ಲ ಪ್ರತಿಯೊಂದನ್ನೂ ಅದರೊಳಗೆ ಹಾಕಿ ಗೊಬ್ಬರ ಮಾಡುತ್ತೇನೆ ಎಂದು ಹೇಳಿದ್ದ. ಎಂದರೆ ನಮ್ಮ ತಿಪ್ಪೆಗುಂಡಿಯೇ! ಹ್ಯಾರಿಸ್ ಪಾರ್ಕಿನ ಈ ಮಣ್ಣಿನಲ್ಲಿ ಕಾಂಪೋಸ್ಟ್ ಯೋಚನೆಗೆ 230 ವರ್ಷ ದಾಟಿದೆ.

1793ರಲ್ಲಿ ರೂಸ್ ಈ ಜಮೀನನ್ನು 40 ಪೌಂಡಿಗೆ ಜಾನ್ ಹ್ಯಾರಿಸ್ ಎಂಬ ಸರ್ಜನ್‌ಗೆ ಮಾರಿದ. ಬಡಾವಣೆಗೆ ಉಳಿದಿರುವುದು ಆತನ ಹೆಸರು. ಅಂದಹಾಗೆ, ನಮ್ಮ ಚುಕ್ಕಿ ಜಿಂಕೆಯನ್ನು ಭಾರತದಿಂದ ಈ ದೇಶಕ್ಕೆ ತರಿಸಿ ಸಾಕಿದವನೂ ಈ ಹ್ಯಾರಿಸ್ಸೇ. ದೋಸೆ ಬರುವುದಕ್ಕೆ ಬಹಳ ಮೊದಲೇ ಅವನ ಹೆಸರಿಗೆ ಭಾರತದ ನಂಟು ಇತ್ತು ಎನ್ನಬಹುದು.

ಕೋಳಿಗಳಂತೂ ಮೊದಲ ದಿನದಿಂದಲೇ ಇವೆ. 1788ರ ಮೇ ತಿಂಗಳ ಜಾನುವಾರು ಗಣತಿಯಲ್ಲಿ 122 ಕೋಳಿ, 87 ಮರಿ ಎಂಬ ಲೆಕ್ಕವಿದೆ.

ದರಗು ಗೊತ್ತಿದ್ದವರಿಗೆ ಹೊಸದೇನಲ್ಲ

ಮಲೆನಾಡು, ಕರಾವಳಿಯಿಂದ ಬಂದವರಿಗೆ ಎಲೆಯ ಬೆಲೆ ಹೇಳಿಕೊಡಬೇಕಿಲ್ಲ. ಶಿರಸಿ, ಸಿದ್ಧಾಪುರ, ಸಾಗರದ ಕಡೆ ಅಡಿಕೆ ತೋಟಕ್ಕೆ ‘ಸೊಪ್ಪಿನ ಬೆಟ್ಟ’ ಎಂದೇ ಕಾಡು ಬಿಟ್ಟಿರುತ್ತಾರೆ. ಒಂದೆಕರೆ ತೋಟ ಬದುಕಬೇಕಾದರೆ ಹಲವು ಎಕರೆ ಬೆಟ್ಟದ ಸೊಪ್ಪು, ದರಗು ಬೇಕು. ದಕ್ಷಿಣ ಕನ್ನಡದಲ್ಲಿ ಇದೇ ಕೆಲಸಕ್ಕೆ ಕುಮ್ಕಿ ಜಮೀನು. ಚಳಿ ಮುಗಿಯುವ ಹೊತ್ತಿಗೆ ತರಗೆಲೆ ಗುಡಿಸಿ, ಬುಟ್ಟಿಯಲ್ಲಿ ಒತ್ತಿ ತುಂಬಿ, ತಲೆಹೊರೆಯಲ್ಲಿ ಕೊಟ್ಟಿಗೆಗೆ ತಂದು ದನಗಳ ಕಾಲಡಿಗೆ ಹಾಸುತ್ತಾರೆ. ದನ ತುಳಿದು, ಸೆಗಣಿ-ಗಂಜಲ ಬೆರೆತು, ಕೆಲವು ತಿಂಗಳಲ್ಲಿ ಅದು ಗೊಬ್ಬರವಾಗುತ್ತದೆ.

ಇಲ್ಲಿಯ ಪುಸ್ತಕಗಳಲ್ಲಿ ‘ಡೀಪ್ ಲಿಟರ್’ ಎಂದು ಬರೆದಿರುವುದು ಇದನ್ನೇ. ಹಸುವಿನ ಜಾಗದಲ್ಲಿ ಕೋಳಿ, ಅಷ್ಟೇ ವ್ಯತ್ಯಾಸ.

ಲೆಕ್ಕ ಬಹಳ ಸರಳ. ಒಣ ಎಲೆಯಲ್ಲಿ ಇಂಗಾಲ ಹೆಚ್ಚು. ಸಾರಜನಕದ ಒಂದು ಪಾಲಿಗೆ ಇಂಗಾಲ ಸುಮಾರು 50 ಪಾಲು. ಅದಕ್ಕೇ ಬರೀ ಎಲೆಯ ಗುಡ್ಡೆ ವರ್ಷ, ಎರಡು ವರ್ಷ ಕಳೆದರೂ ಹಾಗೇ ಕೂತಿರುತ್ತದೆ. ಕೋಳಿ ಹಿಕ್ಕೆಯಲ್ಲಿ ಇದು ತಿರುಗುಮುರುಗು. ಒಂದು ಪಾಲು ಸಾರಜನಕಕ್ಕೆ ಸುಮಾರು 10 ಪಾಲು ಇಂಗಾಲ. ಹಾಗೇ ಗಿಡಕ್ಕೆ ಹಾಕಿದರೆ ಬೇರು ಸುಡುತ್ತದೆ, ವಾಸನೆಗೆ ಪಕ್ಕದ ಮನೆಯವರು ಬೇಲಿ ಮೇಲಿಂದ ಇಣುಕುತ್ತಾರೆ. ಸೂಕ್ಷ್ಮಜೀವಿಗಳಿಗೆ ಬೇಕಾದದ್ದು ನಡುವಿನ 25ರಿಂದ 30. ಎರಡನ್ನೂ ಬೆರೆಸಿದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಅಂದಾಜಿಗೆ ನಾಲ್ಕು ಬುಟ್ಟಿ ಒಣ ಎಲೆಗೆ ಒಂದು ಬುಟ್ಟಿ ಹಿಕ್ಕೆ ಎಂದು ಆರಂಭಿಸಿ. ಅಮೋನಿಯಾ ವಾಸನೆ ಬಂದರೆ ಎಲೆ ಸೇರಿಸಿ, ರಾಶಿ ತಣ್ಣಗೇ ಇದ್ದರೆ ಹಿಕ್ಕೆಯೂ ನೀರೂ ಸೇರಿಸಿ. ಮೂಗಿಗಿಂತ ಒಳ್ಳೆಯ ಉಪಕರಣ ಈ ಕೆಲಸಕ್ಕೆ ಬೇಕಿಲ್ಲ.

ಯಾವ ಎಲೆ, ಯಾವುದು ಬೇಡ

ಮೆಲ್ಬೋರ್ನ್‌ನವರು ಈ ವಿಷಯದಲ್ಲಿ ಅದೃಷ್ಟವಂತರು. ಯೂರೋಪು, ಅಮೆರಿಕಗಳಲ್ಲಿ ಎಲ್ಮ್ ಮರಗಳನ್ನು ಲಕ್ಷಗಟ್ಟಲೆ ಕೊಂದ ಡಚ್ ಎಲ್ಮ್ ರೋಗ ಆಸ್ಟ್ರೇಲಿಯಾಕ್ಕೆ ಬಂದಿಲ್ಲ. ಹಾಗಾಗಿ ರಾಯಲ್ ಪರೇಡ್, ಫಿಟ್ಜ್‌ರಾಯ್ ಗಾರ್ಡನ್ಸ್‌ನ ಎಲ್ಮ್ ಸಾಲುಗಳು ಇಂದಿಗೂ ನಿಂತಿವೆ. ಎಲ್ಮ್ ಎಲೆ ತೆಳು, ಬೇಗ ಕೊಳೆಯುತ್ತದೆ. ಎರಡೂ ನಗರಗಳ ಬೀದಿಗಳಲ್ಲಿ ಹೇರಳವಾಗಿರುವ ಪ್ಲೇನ್ ಮರದ ಎಲೆ ದಪ್ಪ, ನಿಧಾನ. ಅದರ ಸಣ್ಣ ರೋಮಗಳು ಗಂಟಲು-ಕಣ್ಣಿಗೆ ಕಿರಿಕಿರಿ ಮಾಡುತ್ತವೆ. ಹುಲ್ಲು ಕತ್ತರಿಸುವ ಮೋವರ್ ಅನ್ನು ಅದರ ಮೇಲೆ ಎರಡು ಸುತ್ತು ಓಡಿಸಿದರೆ ಕೊಳೆಯುವುದು ಸುಲಭ. ಆದರೆ ಮಾಸ್ಕ್ ಹಾಕಿಕೊಳ್ಳಿ. ನೀಲಗಿರಿ ಜಾತಿಯ ಮರಗಳ ಎಲೆಯಲ್ಲಿ ಎಣ್ಣೆ, ಮೇಣ ಎರಡೂ ಇರುವುದರಿಂದ ಅದನ್ನು ಬೇರೆ ರಾಶಿ ಮಾಡಿ, ಹೆಚ್ಚು ಕಾಲ ಬಿಡುವುದು ಒಳ್ಳೆಯದು.

ಕೋಳಿ ಓಡಾಡುವ ಜಾಗಕ್ಕೆ ಎರಡು ಎಲೆ ಖಂಡಿತ ಬೇಡ. ಒಂದು ಕಣಗಿಲೆ. ಊರಿನಲ್ಲಿ ದೇವರ ಪೂಜೆಗೆ ಕೊಯ್ಯುವ ಇದೇ ಹೂವಿನ ಗಿಡ ಇಲ್ಲಿಯ ಹಳೆಯ ಮನೆಗಳ ಬೇಲಿಯಲ್ಲಿ ಎಷ್ಟೋ ಕಡೆ ಇದೆ. ಅದರ ಪ್ರತಿಯೊಂದು ಭಾಗವೂ ವಿಷ. ಇನ್ನೊಂದು ಬೆಣ್ಣೆಹಣ್ಣಿನ ಎಲೆ. ಅದರಲ್ಲಿರುವ ಪರ್ಸಿನ್ ಎಂಬ ವಸ್ತು ಹಕ್ಕಿಗಳ ಹೃದಯಕ್ಕೆ ಮಾರಕ. ಒದ್ದೆಯಾಗಿ ಬೂಷ್ಟು ಹಿಡಿದ ಎಲೆಯನ್ನೂ ಗೂಡಿನೊಳಗೆ ಹಾಸಬೇಡಿ, ಕೋಳಿಯ ಶ್ವಾಸಕೋಶಕ್ಕೆ ಶಿಲೀಂಧ್ರ ತಗಲುತ್ತದೆ. ಗರಿಗರಿಯಾಗಿ ಒಣಗಿದ್ದು ಮಾತ್ರ ಒಳಗೆ, ಹಸಿಯದು ಹೊರಗಿನ ರಾಶಿಗೆ.

ಎಲೆ ರಾಶಿಗೆ ಬರಿಗೈ ಹಾಕಬೇಡಿ ಎಂದು ಮಕ್ಕಳಿಗೆ ಹೇಳಿಕೊಡಿ. ಸಿಡ್ನಿಯಲ್ಲಿ ಫನಲ್-ವೆಬ್ ಜೇಡದ ಗಂಡುಗಳು ಬೇಸಿಗೆಯಿಂದ ಶರತ್ಕಾಲದವರೆಗೆ ಹೆಣ್ಣನ್ನು ಹುಡುಕುತ್ತಾ ಅಲೆಯುತ್ತವೆ. 1981ರಲ್ಲಿ ಪ್ರತಿವಿಷ ಬಂದ ಮೇಲೆ ಸಾವುಗಳು ನಿಂತಿವೆ. ಆದರೂ ಕೈಗೆ ಗ್ಲೌಸ್, ಕಾಲಿಗೆ ಶೂ ಇರಲಿ. ಕಾಂಪೋಸ್ಟ್, ಪಾಟಿಂಗ್ ಮಿಕ್ಸ್‌ನಲ್ಲಿ ಲೀಜಿಯೊನೆಲ್ಲಾ ಲಾಂಗ್‌ಬೀಚಿ ಎಂಬ ಬ್ಯಾಕ್ಟೀರಿಯಾ ಇರಬಹುದು. ಅದರ ದೂಳು ಉಸಿರಾಡಿದರೆ ನ್ಯುಮೋನಿಯಾ ಬರುತ್ತದೆ, ವಯಸ್ಸಾದವರಿಗೆ ಅಪಾಯ ಹೆಚ್ಚು. ಊರಿನಿಂದ ಬಂದ ಅಪ್ಪ-ಅಮ್ಮ ಮೊದಲು ಕೈ ಹಾಕುವುದೇ ಹಿತ್ತಲಿಗೆ ತಾನೇ! ಅವರಿಗೂ ಮಾಸ್ಕ್ ಕೊಡಿ. ಚೀಲ ತೆರೆದ ಕೂಡಲೇ ಸ್ವಲ್ಪ ನೀರು ಚಿಮುಕಿಸಿ, ಕೆಲಸದ ನಂತರ ಸೋಪು ಹಾಕಿ ಕೈ ತೊಳೆಯಿರಿ.

ಮತ್ತೆ, ಊರಿನಂತೆ ಸಂಜೆ ಎಲೆ ಗುಡ್ಡೆಗೆ ಬೆಂಕಿ ಹಚ್ಚಿ ಮೈ ಕಾಯಿಸುವ ಆಸೆ ಬೇಡ. ನಮ್ಮ ನಗರಗಳ ಬಹುತೇಕ ಕೌನ್ಸಿಲ್‌ಗಳಲ್ಲಿ ಅದು ನಿಷಿದ್ಧ.

ಮೊಟ್ಟೆ ಕಡಿಮೆಯಾದರೆ ಗಾಬರಿ ಬೇಡ

ಏಪ್ರಿಲ್‌ನ ಮೊದಲ ಭಾನುವಾರ ಡೇಲೈಟ್ ಸೇವಿಂಗ್ ಮುಗಿಯುತ್ತಿದ್ದಂತೆ ಒಂದೇ ಪ್ರಶ್ನೆ ಎಲ್ಲರದೂ: “ನಮ್ಮ ಕೋಳಿ ಮೊಟ್ಟೆ ಇಡುವುದು ನಿಲ್ಲಿಸಿದೆ, ಏನಾದರೂ ಕಾಯಿಲೆಯೇ?” ಸಾಮಾನ್ಯವಾಗಿ ಅಲ್ಲ. ಕೋಳಿ ಚೆನ್ನಾಗಿ ಮೊಟ್ಟೆ ಇಡಲು ದಿನಕ್ಕೆ 14 ಗಂಟೆಯಷ್ಟು ಬೆಳಕು ಬೇಕು. ಜೂನ್‌ನಲ್ಲಿ ಸಿಡ್ನಿಗೆ ಸಿಗುವ ಹಗಲು ಸುಮಾರು 10 ಗಂಟೆ, ಮೆಲ್ಬೋರ್ನ್‌ಗೆ ಒಂಬತ್ತೂವರೆ. ಜೊತೆಗೆ ಇದು ಹಳೆ ಗರಿ ಉದುರಿಸಿ ಹೊಸದು ತೊಡುವ ಕಾಲ. ಮರದ ಎಲೆ ಉದುರುವಾಗಲೇ ಕೋಳಿಯ ಗರಿಯೂ ಉದುರುತ್ತದೆ! ಗರಿ ಎಂದರೆ ಬಹುಪಾಲು ಪ್ರೋಟೀನ್. ಈ ವಾರಗಳಲ್ಲಿ ಒಳ್ಳೆಯ ಲೇಯರ್ ಆಹಾರ ಕೊಟ್ಟು, ಸುಮ್ಮನೆ ಬಿಡಿ. ಎಲೆ ಹಾಸನ್ನು ಕೆದರುತ್ತಾ ಹುಳ-ಹುಪ್ಪಟೆ ಹುಡುಕುವುದು ಅವಕ್ಕೆ ಆಹಾರವೂ ಹೌದು, ಆಟವೂ ಹೌದು. ಬೇಸರ ಹಿಡಿದ ಕೋಳಿಗಳು ಒಂದನ್ನೊಂದು ಕುಕ್ಕುವುದು ಇದರಿಂದ ಕಡಿಮೆಯಾಗುತ್ತದೆ.

ಗೂಡಿನ ಒಳಗೆ ಒಂದು ಗೇಣಿನಷ್ಟು ದಪ್ಪ ಒಣ ಎಲೆ ಹಾಸಿ, ವಾರಕ್ಕೊಮ್ಮೆ ಕೆದರಿ, ಮೇಲೆ ಹೊಸದನ್ನು ಹಾಕುತ್ತಾ ಹೋಗಿ. ಚಳಿಗಾಲ ಮುಗಿದ ಮೇಲೆ ತೆಗೆದು ರಾಶಿ ಹಾಕಿ. ರಾಶಿಯ ಒಳಗೆ 55 ಡಿಗ್ರಿ ದಾಟಿ ಕೆಲವು ದಿನ ಬಿಸಿ ನಿಲ್ಲಬೇಕು, ಮಗುಚಿ ಹಾಕಿ ಹೊರಭಾಗಕ್ಕೂ ಬಿಸಿ ತಾಗಿಸಬೇಕು. ಸಾಲ್ಮೊನೆಲ್ಲಾದಂಥ ರೋಗಾಣುಗಳು ಸಾಯುವುದು ಹಾಗೆ. ಹಸಿ ಹಿಕ್ಕೆಯನ್ನು ನೇರವಾಗಿ ಕೊತ್ತಂಬರಿ, ಮೆಂತ್ಯದ ಮಡಿಗೆ ಹಾಕಬೇಡಿ.

ನಿಯಮಗಳನ್ನೂ ನೋಡಿಕೊಳ್ಳಿ. ನ್ಯೂ ಸೌತ್ ವೇಲ್ಸ್‌ನಲ್ಲಿ ಕೋಳಿಗೂಡು ಯಾವುದೇ ವಾಸದ ಮನೆಯಿಂದ 4.5 ಮೀಟರ್ ದೂರ ಇರಬೇಕು. ವಿಕ್ಟೋರಿಯಾದಲ್ಲಿ ಎಷ್ಟು ಕೋಳಿ ಎಂಬುದು ಕೌನ್ಸಿಲ್‌ನಿಂದ ಕೌನ್ಸಿಲ್‌ಗೆ ಬೇರೆ. ಹುಂಜ ಸಾಕುವ ಮೊದಲು ಎಲ್ಲರೂ ವಿಚಾರಿಸಲೇಬೇಕು, ಬೆಳಗಿನ ಜಾವ ನಾಲ್ಕಕ್ಕೆ ಕೂಗುವ ಸುಪ್ರಭಾತ ಎಲ್ಲರಿಗೂ ಹಿಡಿಸದು. ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆ ಮೊದಲು. ಎರಡೂ ನಗರಗಳಲ್ಲಿ ನರಿಗಳಿವೆ, ಹಗಲು ಬೇಗ ಮುಗಿಯುವ ಈ ದಿನಗಳಲ್ಲಿ ನಾವು ಆಫೀಸಿನಿಂದ ಬರುವ ಮೊದಲೇ ಕತ್ತಲಾಗುತ್ತದೆ. ಬಾಗಿಲು ತಾನಾಗಿ ಮುಚ್ಚುವ ಯಂತ್ರ ಹಾಕಿಸಿದರೆ ನೆಮ್ಮದಿ. 2024ರಲ್ಲಿ ವಿಕ್ಟೋರಿಯಾ, ನ್ಯೂ ಸೌತ್ ವೇಲ್ಸ್ ಎರಡರಲ್ಲೂ ಎಚ್7 ಹಕ್ಕಿಜ್ವರ ಫಾರಂಗಳಿಗೆ ಬಂದಿತ್ತು. ಕಾಡುಹಕ್ಕಿಗಳಿಗೆ ಸಿಗದಂತೆ ಆಹಾರ-ನೀರು ಇಡಿ. ಇದ್ದಕ್ಕಿದ್ದಂತೆ ಹಲವು ಕೋಳಿ ಸತ್ತರೆ 1800 675 888ಕ್ಕೆ ಫೋನ್ ಮಾಡಿ, ಇದು ದೇಶಕ್ಕೆಲ್ಲ ಒಂದೇ ತುರ್ತು ಸಂಖ್ಯೆ.

ಮೊಟ್ಟೆಯೊಳಗಿನ ಸೀಸ

ಈಗ ಮುಖ್ಯ ವಿಷಯಕ್ಕೆ ಬರೋಣ. “ನಮ್ಮ ಹಿತ್ತಲ ಮೊಟ್ಟೆ, ಅಂಗಡಿಯದಕ್ಕಿಂತ ಶುದ್ಧ” ಎಂದು ನಾವೆಲ್ಲ ನಂಬಿರುತ್ತೇವೆ. ಯಾವಾಗಲೂ ಅದು ನಿಜವಲ್ಲ.

ಮ್ಯಾಕ್ವಾರಿ ವಿಶ್ವವಿದ್ಯಾಲಯದ ಸಂಶೋಧಕರು ಸಿಡ್ನಿಯ 55 ಮನೆಗಳ ಹಿತ್ತಲ ಮಣ್ಣು, ಕೋಳಿ ಮತ್ತು ಮೊಟ್ಟೆಗಳನ್ನು ಪರೀಕ್ಷಿಸಿ 2022ರಲ್ಲಿ ಫಲಿತಾಂಶ ಪ್ರಕಟಿಸಿದರು. ಹಿತ್ತಲ ಮೊಟ್ಟೆಗಳಲ್ಲಿ ಸೀಸದ ಪ್ರಮಾಣ ಅಂಗಡಿಯ ಮೊಟ್ಟೆಗಳಿಗಿಂತ ಸರಾಸರಿ 40 ಪಟ್ಟು ಹೆಚ್ಚು! ಕಾರಣ ಕೋಳಿಯಲ್ಲ, ಮಣ್ಣು. ಆಸ್ಟ್ರೇಲಿಯಾದಲ್ಲಿ ಸೀಸದ ಪೆಟ್ರೋಲ್ 2002ರವರೆಗೂ ಇತ್ತು. 1970ಕ್ಕೆ ಮೊದಲು ಕಟ್ಟಿದ ಮನೆಗಳ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ಬಹಳ. ಕೆರೆದ ಬಣ್ಣದ ಪುಡಿ, ರಸ್ತೆಯ ಹೊಗೆ ಎಲ್ಲ ಇಳಿದು ಸೇರಿರುವುದು ಮನೆ ಸುತ್ತಲಿನ ಮಣ್ಣಿಗೆ. ಸೀಸ ಕೊಳೆಯುವುದಿಲ್ಲ, ಕರಗಿ ಹೋಗುವುದಿಲ್ಲ. ಕೋಳಿ ದಿನವಿಡೀ ನೆಲ ಕೆದರಿ, ಕುಕ್ಕಿ, ದೂಳಿನಲ್ಲಿ ಹೊರಳಾಡುತ್ತದೆ. ಆ ಮಣ್ಣು ಹೊಟ್ಟೆಗೆ ಹೋಗಿ, ರಕ್ತಕ್ಕೆ ಸೇರಿ, ಮೊಟ್ಟೆಗೆ ಬರುತ್ತದೆ. ಸೀಸ ಮಕ್ಕಳ ಮೆದುಳಿನ ಬೆಳವಣಿಗೆಗೆ ಕೆಡುಕು, ಸುರಕ್ಷಿತ ಎನ್ನುವ ಪ್ರಮಾಣವೇ ಇಲ್ಲ. ದಿನಕ್ಕೊಂದು ಮೊಟ್ಟೆ ತಿನ್ನಿಸಿ ಗಟ್ಟಿಯಾಗಲಿ ಎಂದು ನಾವು ಹರಸುವುದು ಆ ಮಕ್ಕಳನ್ನೇ.

ಆಸ್ಟ್ರೇಲಿಯಾದ ವಸತಿ ಮಣ್ಣಿಗೆ ಮಾರ್ಗದರ್ಶಿ ಮಿತಿ ಕಿಲೋಗ್ರಾಂಗೆ 300 ಮಿಲಿಗ್ರಾಂ ಸೀಸ. ಆದರೆ ಮೊಟ್ಟೆ ಸುರಕ್ಷಿತವಾಗಿರಬೇಕಾದರೆ ಕೋಳಿ ಓಡಾಡುವ ಮಣ್ಣಿನಲ್ಲಿ 117ಕ್ಕಿಂತ ಕಡಿಮೆ ಇರಬೇಕು ಎಂದು ಆ ಅಧ್ಯಯನ ಹೇಳಿತು. ಎಂದರೆ ‘ಮನೆ ಕಟ್ಟಲು ಸರಿ’ ಎನಿಸಿಕೊಂಡ ಮಣ್ಣೂ ಕೋಳಿಗೆ ಸರಿಯಿರಲಾರದು.

ಹಳೆಯ ಒಳನಗರದ ಬಡಾವಣೆಗಳಲ್ಲಿ ಈ ಚಿಂತೆ ಹೆಚ್ಚು. ಹ್ಯಾರಿಸ್ ಪಾರ್ಕ್, ಗ್ರ್ಯಾನ್ವಿಲ್‌ನ ಹಳೆಯ ಮರದ ಕಾಟೇಜ್‌ಗಳಲ್ಲಿ, ಮೆಲ್ಬೋರ್ನ್‌ನ ಬ್ರನ್ಸ್‌ವಿಕ್, ಫುಟ್‌ಸ್ಕ್ರೇ ಕಡೆ ಇರುವವರು ಕೋಳಿ ತರುವ ಮೊದಲೇ ಮಣ್ಣು ಪರೀಕ್ಷೆ ಮಾಡಿಸುವುದು ಜಾಣತನ. ಟೆಸ್ಟ್ ಮಾಡದೆ ಪ್ರೊಡಕ್ಷನ್‌ಗೆ ಹಾಕಬೇಡಿ ಎಂದು ಆಫೀಸಿನಲ್ಲಿ ದಿನಾ ಹೇಳುತ್ತೇವಲ್ಲ, ಹಾಗೆ! ಮ್ಯಾಕ್ವಾರಿಯವರು 2013ರಲ್ಲಿ ಆರಂಭಿಸಿದ ವೆಜ್‌ಸೇಫ್ ಯೋಜನೆ ಸಾವಿರಾರು ಮನೆಗಳ ಮಣ್ಣನ್ನು ಹೀಗೆ ನೋಡಿದೆ. ಖಾಸಗಿ ಪ್ರಯೋಗಾಲಯಗಳೂ ಮಾಡಿಕೊಡುತ್ತವೆ. ಮನೆ ಗೋಡೆಯ ಬುಡ, ಹಿತ್ತಲ ನಡುಭಾಗ, ರಸ್ತೆಯ ಕಡೆ, ಹೀಗೆ ಬೇರೆ ಬೇರೆ ಕಡೆಯಿಂದ ಮಣ್ಣು ತೆಗೆದು ಕಳಿಸಿ.

ಸೀಸ ಹೆಚ್ಚಿದ್ದರೆ ಕೋಳಿ ಸಾಕುವ ಆಸೆ ಬಿಡಬೇಕಿಲ್ಲ. ಗೂಡು ಮತ್ತು ಓಟದ ಜಾಗವನ್ನು ಹಳೆ ಗೋಡೆಯಿಂದ ದೂರವಿಡಿ. ನೆಲಕ್ಕೆ ಪೇವರ್ ಅಥವಾ ಕಾಂಕ್ರೀಟ್ ಹಾಸಿ, ಅದರ ಮೇಲೆ ಹೊರಗಿನಿಂದ ತಂದ ಶುದ್ಧ ಮಣ್ಣು, ಅದರ ಮೇಲೆ ದಪ್ಪ ಎಲೆ ಹಾಸು. ಆಗ ಕೋಳಿ ಕೆದರುವುದು ಎಲೆಯನ್ನೇ ಹೊರತು ಹಳೆಯ ಮಣ್ಣನ್ನಲ್ಲ. ಬರಿಯ ಮಣ್ಣಿನ ಮೇಲೆ ಎಲೆ ಚೆಲ್ಲಿದರೆ ಸಾಲದು, ಒಂದೇ ಸಂಜೆಯಲ್ಲಿ ಕೋಳಿ ಅಡಿಯವರೆಗೂ ಕೆದರಿಬಿಡುತ್ತದೆ. ಕಾಳು ನೆಲಕ್ಕೆ ಎರಚದೆ ಪಾತ್ರೆಯಲ್ಲಿ ಕೊಡಿ, ಚಿಪ್ಪಿನ ಪುಡಿ ಬೇರೆ ಇಡಿ. ಎಲೆಯನ್ನು ಹುಲ್ಲಿನ ಮೇಲಿಂದ ಆರಿಸಿ. ದೊಡ್ಡ ರಸ್ತೆಯ ಚರಂಡಿಯಿಂದ ಬಾಚಿದ ಎಲೆಯಲ್ಲಿ ರಸ್ತೆಯ ದೂಳೆಲ್ಲ ಇರುತ್ತದೆ. ಗೂಡು ಕಟ್ಟಲು ಹಳೆಯ ಬಣ್ಣದ ಬಾಗಿಲು, ಹಸಿರು ಬಣ್ಣಕ್ಕೆ ತಿರುಗಿದ ಹಳೆಯ ‘ಟ್ರೀಟೆಡ್ ಪೈನ್’ ಹಲಗೆ ಬೇಡ. ಅಂಥ ಹಲಗೆಗಳಲ್ಲಿ ಆರ್ಸೆನಿಕ್ ಇರುತ್ತದೆ. 2006ರಿಂದ ಮಕ್ಕಳ ಆಟದ ಸಲಕರಣೆಗಳಿಗೆ ಅದರ ಬಳಕೆ ನಿಂತಿದ್ದು ಇದೇ ಕಾರಣಕ್ಕೆ.

ದ ಪಾಂಡ್ಸ್, ಟಾರ್ನೀಟ್‌ನಂಥ ಹೊಸ ಬಡಾವಣೆಗಳವರಿಗೆ ಸೀಸದ ಭಯ ಕಡಿಮೆ, ಆದರೆ ಕಷ್ಟ ಬೇರೆ. ಗಟ್ಟಿ ಜೇಡಿಮಣ್ಣು, ಎಳೆಯ ಮರಗಳು, ಎಲೆಯೇ ಇಲ್ಲ! ದೊಡ್ಡ ಮರವಿರುವ ಸ್ನೇಹಿತರ ಮನೆಗೆ ಮೇ ತಿಂಗಳಲ್ಲಿ ಚಹಾಕ್ಕೆ ಹೋಗಿ, ಬರುವಾಗ ನಾಲ್ಕು ಚೀಲ ಎಲೆ ತನ್ನಿ. ಅವರು ಬೇಡ ಎನ್ನುವುದಿಲ್ಲ.

ತಿಂಗಳ ಪಟ್ಟಿ

ಮಾರ್ಚ್: ಬೇಸಿಗೆಯ ತರಕಾರಿ ಬಳ್ಳಿ ತೆಗೆಯಿರಿ. ಮೆಂತ್ಯ, ಕೊತ್ತಂಬರಿ, ಪಾಲಕ್, ಮೂಲಂಗಿ ಬಿತ್ತಲು ಸಕಾಲ. ಎಲೆ ತುಂಬಲು ತಂತಿ ಬಲೆಯ ಒಂದು ಪಂಜರ ಮಾಡಿಡಿ, ಒಂದು ಮೀಟರ್ ಅಗಲ ಸಾಕು. ಮಣ್ಣು ಪರೀಕ್ಷೆಗೆ ಕಳಿಸಿ.

ಏಪ್ರಿಲ್: ಬೆಳ್ಳುಳ್ಳಿ, ಬಟಾಣಿ, ಬ್ರಾಡ್ ಬೀನ್ಸ್ ಹಾಕಿ. ಗೂಡಿನ ಛಾವಣಿ ಸೋರುತ್ತದೆಯೇ, ಬಲೆ ಹರಿದಿದೆಯೇ ನೋಡಿ. ಮನೆಯ ಗಟರ್ ಖಾಲಿ ಮಾಡಿಸಿ. ಏಣಿ ಹಿಡಿಯಲು ಇನ್ನೊಬ್ಬರಿಲ್ಲದೆ ಹತ್ತಬೇಡಿ.

ಮೇ: ಎಲೆ ಸುರಿಮಳೆ. ಒಣಗಿದ ದಿನ ಗುಡಿಸಿ, ಗೂಡಿಗೆ ಬೇಕಾದಷ್ಟನ್ನು ಚೀಲದಲ್ಲಿ ಒಣಗಿಡಿ, ಉಳಿದದ್ದು ಪಂಜರಕ್ಕೆ. ಕರಿಬೇವಿನ ಕುಂಡವನ್ನು ಉತ್ತರದ ಗೋಡೆಯ ಪಕ್ಕಕ್ಕೆ ಸರಿಸಿ, ಇಲ್ಲಿ ಬಿಸಿಲು ಬರುವುದು ಉತ್ತರದಿಂದ. ಮೆಲ್ಬೋರ್ನ್‌ನಲ್ಲಿ ಹಿಮ ಬೀಳುವ ರಾತ್ರಿಗಳಲ್ಲಿ ಅದಕ್ಕೊಂದು ಬಟ್ಟೆ ಹೊದಿಸಿ. ಚಳಿಯಲ್ಲಿ ಅದು ನಿದ್ದೆ ಹೋಗುತ್ತದೆ. ಗೊಬ್ಬರ ಬೇಡ, ನೀರೂ ಕಡಿಮೆ.

ಯೂನಿಟ್‌ನಲ್ಲಿರುವವರು “ನಮಗೆ ಹಿತ್ತಲೇ ಇಲ್ಲವಲ್ಲ” ಎನ್ನಬೇಡಿ. ಬಾಲ್ಕನಿಯಲ್ಲಿ ಎರೆಹುಳುವಿನ ಒಂದು ಡಬ್ಬ ಇಟ್ಟರೆ ತರಕಾರಿ ಸಿಪ್ಪೆಯ ಜೊತೆ ಒಂದಿಷ್ಟು ಚೂರು ಎಲೆಯನ್ನೂ ತಿನ್ನುತ್ತವೆ. ನ್ಯೂ ಸೌತ್ ವೇಲ್ಸ್‌ನಲ್ಲಿ 2030ರ ಜುಲೈ ಒಳಗೆ ಪ್ರತಿ ಮನೆಯಿಂದಲೂ ಅಡುಗೆ ಕಸ ಮತ್ತು ತೋಟದ ಕಸವನ್ನು ಬೇರೆಯಾಗಿ ಸಂಗ್ರಹಿಸಬೇಕೆಂದು ಕಾನೂನೇ ಆಗಿದೆ. ಅಭ್ಯಾಸ ಈಗಲೇ ಆಗಲಿ.

ಮುಂದಿನ ಸಲ ಹ್ಯಾರಿಸ್ ಪಾರ್ಕಿಗೆ ದಿನಸಿ ತರಲು ಹೋದಾಗ ಮಕ್ಕಳನ್ನು ರೂಸ್ ಸ್ಟ್ರೀಟ್‌ಗೂ ಒಮ್ಮೆ ಕರೆದುಕೊಂಡು ಹೋಗಿ. ನಿಮ್ಮ ಹಿತ್ತಲಲ್ಲಿ ಮಣ್ಣು ಪರೀಕ್ಷೆ ಮಾಡಿಸಿದವರಿದ್ದರೆ ಫಲಿತಾಂಶವನ್ನು, ಕೋಳಿ-ಎಲೆಯ ಅನುಭವವನ್ನು ಪತ್ರಿಕೆಗೆ ನಾಲ್ಕು ಸಾಲು ಬರೆದು ಕಳಿಸಿ. ಅದೇ ಬಡಾವಣೆಯಲ್ಲಿ ಹೊಸದಾಗಿ ಮನೆ ಕೊಳ್ಳುವ ಇನ್ನೊಂದು ಕನ್ನಡ ಕುಟುಂಬಕ್ಕೆ ಅದು ಉಪಯೋಗವಾದೀತು.